ಯುದ್ಧಕ್ಕೆಂದು ಮಾಡಿದ ಕಾಯ್ದೆ ನಮ್ಮೂರ ಚಾವಡಿಗೆ ಬಂದ ಕತೆ

ನಮ್ಮ ಕಡೆ ಹಿರಿಯರು ಹಳೇ ಸಂಗತಿ ಹೇಳುವಾಗ 'ಲೆವಿ ಕಾಲ' ಅನ್ನುವ ಮಾತು ಬರುತ್ತದೆ. ಬೆಳೆದ ಕಾಳಿನಲ್ಲಿ ಇಷ್ಟು ಪಾಲು ಸರ್ಕಾರ ಗೊತ್ತು ಮಾಡಿದ ದರಕ್ಕೆ ಕೊಡಲೇಬೇಕು. ಕೊಡದಿದ್ದರೆ ಅಧಿಕಾರಿಗಳು ಮನೆಗೆ ಬಂದು ಹಗೇವು, ವಾಡೆ, ಅಟ್ಟ ಎಲ್ಲ ತಡಕಾಡುತ್ತಿದ್ದರು. ಒಂದು ಊರಿಂದ ಇನ್ನೊಂದು ಊರಿಗೆ ಎರಡು ಚೀಲ ಜೋಳ ಸಾಗಿಸಬೇಕಾದರೂ ಪರವಾನಗಿ ಬೇಕಿತ್ತು. ಅಜ್ಜಂದಿರು ಇದನ್ನು ಬರಗಾಲದ ಕತೆಯ ಹಾಗೆ ಹೇಳುತ್ತಾರೆ. ಆದರೆ ಅದರ ಬೇರು ಇದ್ದದ್ದು ಒಂದು ಯುದ್ಧದ ಕಾಯ್ದೆಯಲ್ಲಿ. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷರು ತಂದ ಭಾರತ ರಕ್ಷಣಾ ಕಾಯ್ದೆ ಮತ್ತು ಅದರ ಕೆಳಗೆ ಮಾಡಿದ ನಿಯಮಗಳೇ ಕಾಳು, ಬಟ್ಟೆ, ಸೀಮೆಎಣ್ಣೆಯ ಮೇಲೆ ಹತೋಟಿ ಇಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದು.

ಅದೇ ಕಾಯ್ದೆಯ ಇನ್ನೊಂದು ನಿಯಮ, ಗಾಂಧಿ ಟೋಪಿ ಹಾಕಿಕೊಂಡು ಚಳವಳಿಗೆ ಇಳಿದ ಹುಡುಗನನ್ನು ಯಾವ ವಿಚಾರಣೆಯೂ ಇಲ್ಲದೆ ಜೈಲಿನಲ್ಲಿ ಇಡುತ್ತಿತ್ತು. ಶತ್ರುವಿನ ವಿರುದ್ಧ ಅಂತ ಹೇಳಿ ಮಾಡಿದ ಕಾಯ್ದೆ ಸ್ವಂತ ನೆಲದ ಜನರ ಮೇಲೆ ಹೇಗೆ ತಿರುಗಿತು ಅನ್ನುವುದನ್ನು ಈ ಬರಹದಲ್ಲಿ ನೋಡೋಣ. ಸ್ವಲ್ಪ ಉದ್ದದ ಕತೆ. ಒಂದು ಕಪ್ ಚಹಾ ಇಟ್ಟುಕೊಂಡು ಓದಿ.

ಮೊದಲು ಒಂದು ಪ್ರಶ್ನೆ

ಬ್ರಿಟಿಷರ ಕೈಯಲ್ಲಿ ಕಾಯ್ದೆಗಳಿಗೆ ಬರ ಇರಲಿಲ್ಲ. ರಾಜದ್ರೋಹದ ಕಲಂ ಇತ್ತು, 1908ರಲ್ಲಿ ಲೋಕಮಾನ್ಯ ತಿಲಕರನ್ನು ಆರು ವರ್ಷ ಮಂಡಾಲೆಗೆ ಕಳಿಸಿದ್ದು ಆ ಕಲಮಿನಿಂದಲೇ. 1818ರ ಬಂಗಾಳದ ಹಳೇ ರೆಗ್ಯುಲೇಶನ್ ಇತ್ತು. 1907ರಲ್ಲಿ ಲಾಲಾ ಲಜಪತ ರಾಯರನ್ನು ಮೊಕದ್ದಮೆಯೇ ಇಲ್ಲದೆ ಅದೇ ಮಂಡಾಲೆಗೆ ಒಯ್ದದ್ದು ಅದರಿಂದ. ಹಾಗಿದ್ದ ಮೇಲೆ ಹೊಸ ಕಾಯ್ದೆ ಯಾಕೆ ಬೇಕಾಯಿತು?

ನಮ್ಮೂರಿನಲ್ಲೇ ಒಂದು ಕಳವಾಯಿತು ಅಂದುಕೊಳ್ಳಿ. ನಿಮ್ಮ ಮೇಲೆ ಅನುಮಾನ ಬಂತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರು ನಿಮ್ಮನ್ನು ಹಿಡಿದರೆ ಬೇಗನೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನೀವು ಏನು ಮಾಡಿದ್ದೀರಿ ಅಂತ ಬರೆದು ಹೇಳಬೇಕು. ಸಾಕ್ಷಿ ತರಬೇಕು. ಆ ಸಾಕ್ಷಿಗೆ ನಿಮ್ಮ ವಕೀಲರು ಅಡ್ಡ ಪ್ರಶ್ನೆ ಹಾಕಬಹುದು. ಶಿಕ್ಷೆಯಾದರೆ ಮೇಲಿನ ಕೋರ್ಟಿಗೆ ಹೋಗಬಹುದು. ಇದು ನಾಲ್ಕೈದು ಮೆಟ್ಟಿಲಿನ ದಾರಿ. ಪ್ರತಿ ಮೆಟ್ಟಿಲಿನಲ್ಲೂ ಸರ್ಕಾರ ತನ್ನ ಮಾತಿಗೆ ಪುರಾವೆ ಕೊಡಬೇಕು.

ಯುದ್ಧದ ಕಾಯ್ದೆ ಮಾಡಿದ್ದು ಇಷ್ಟೇ. ಮೆಟ್ಟಿಲುಗಳನ್ನು ತೆಗೆದುಹಾಕಿತು. 1818ರ ಹಳೇ ರೆಗ್ಯುಲೇಶನ್ನಿನಲ್ಲಿ ಒಬ್ಬೊಬ್ಬ ದೊಡ್ಡ ಮನುಷ್ಯನನ್ನು ಹಿಡಿಯಬಹುದಿತ್ತು. ಸಾವಿರಾರು ಸಣ್ಣ ಜನರನ್ನು ಹಿಡಿಯಲು ಬೇರೆ ಬಲೆ ಬೇಕಿತ್ತು. ಆ ಬಲೆ ಹೆಣೆಯಲು ಯುದ್ಧ ಒಳ್ಳೆಯ ನೆಪವಾಯಿತು.

1915: ಮೊದಲ ಬಲೆ

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಅಮೆರಿಕ, ಕೆನಡಾಗಳಲ್ಲಿ ಕೂಲಿ ಮಾಡುತ್ತಿದ್ದ ಪಂಜಾಬಿನ ರೈತ ಮಕ್ಕಳು ಗದರ್ ಪಕ್ಷ ಕಟ್ಟಿಕೊಂಡಿದ್ದರು. ಇಂಗ್ಲೆಂಡು ಯುದ್ಧದಲ್ಲಿ ಸಿಕ್ಕಿಬಿದ್ದಿದೆ, ಸೈನಿಕರನ್ನು ಎಬ್ಬಿಸಲು ಇದೇ ಸಮಯ ಅಂತ ಹಡಗು ಹತ್ತಿ ಊರಿಗೆ ಹೊರಟರು. ಬಂಗಾಳದಲ್ಲಿ ಕ್ರಾಂತಿಕಾರಿ ಗುಂಪುಗಳು ಮೊದಲೇ ಇದ್ದವು. ಸರ್ಕಾರಕ್ಕೆ ಹೆದರಿಕೆ ಹುಟ್ಟಿದ್ದು ಸುಳ್ಳಲ್ಲ. ಅದನ್ನು ನಾವು ಒಪ್ಪಿಕೊಂಡೇ ಮುಂದೆ ಹೋಗಬೇಕು.

1915ರ ಮಾರ್ಚ್ 18ರಂದು ಭಾರತ ರಕ್ಷಣಾ ಕಾಯ್ದೆ ಪಾಸಾಯಿತು. ಯುದ್ಧ ನಡೆಯುವಷ್ಟು ಕಾಲ, ಅದು ಮುಗಿದ ಮೇಲೆ ಆರು ತಿಂಗಳು, ಅಷ್ಟೇ ಇದರ ಆಯುಸ್ಸು ಅಂತ ಹೇಳಿದರು. ಮೂವರು ಕಮಿಷನರುಗಳ ವಿಶೇಷ ನ್ಯಾಯಮಂಡಳಿ ಕೂರಿಸಬಹುದು. ಅದರ ತೀರ್ಪಿನ ಮೇಲೆ ಅಪೀಲು ಇಲ್ಲ. ಅದು ನೇಣಿನ ಶಿಕ್ಷೆಯನ್ನೂ ಕೊಡಬಹುದು. ಇನ್ನು, ಯಾರ ಮೇಲೆ ಅನುಮಾನವಿದೆಯೋ ಅವರನ್ನು 'ಇಂಥ ಊರು ಬಿಟ್ಟು ಕದಲಬೇಡ' ಅಂತ ಕಟ್ಟಿಹಾಕಬಹುದು.

ಅದೇ ವರ್ಷ ಲಾಹೋರಿನಲ್ಲಿ ಗದರ್ ಪಕ್ಷದವರ ವಿಚಾರಣೆ ನಡೆಯಿತು. ಸೆಪ್ಟೆಂಬರಿನಲ್ಲಿ 24 ಜನಕ್ಕೆ ಗಲ್ಲು ಅಂತ ತೀರ್ಪು ಬಂತು. ವೈಸ್‌ರಾಯ್ ಹಾರ್ಡಿಂಜ್ ಅವರಿಗೇ ಇದು ಅತಿಯಾಯಿತು ಅನಿಸಿ 17 ಜನರ ಶಿಕ್ಷೆಯನ್ನು ಇಳಿಸಿದರು. ಉಳಿದ ಏಳು ಜನರನ್ನು ನವೆಂಬರ್ 16ರಂದು ಗಲ್ಲಿಗೇರಿಸಿದರು. ಅವರಲ್ಲಿ ಒಬ್ಬ ಕರ್ತಾರ್ ಸಿಂಗ್ ಸರಾಭಾ. ವಯಸ್ಸು 19. ನಮ್ಮೂರಲ್ಲಿ ಆ ವಯಸ್ಸಿನ ಹುಡುಗರು ಈಗ ಡಿಗ್ರಿ ಎರಡನೇ ವರ್ಷದಲ್ಲಿ ಇರುತ್ತಾರೆ.

ಬಂಗಾಳದಲ್ಲಿ ನೂರಾರು ಯುವಕರನ್ನು ಮನೆಯಿಂದ ದೂರದ ಹಳ್ಳಿಗಳಿಗೆ ಒಯ್ದು ಇಟ್ಟರು. ಜೈಲಿನ ಗೋಡೆ ಇಲ್ಲ. ಆದರೆ ಊರಿನ ಗಡಿ ದಾಟುವ ಹಾಗಿಲ್ಲ, ಠಾಣೆಗೆ ಹೋಗಿ ಹಾಜರಿ ಹಾಕಬೇಕು. ನಿನ್ನ ತಪ್ಪು ಏನು ಅಂತ ಕೋರ್ಟಿನಲ್ಲಿ ಹೇಳುವವರು ಯಾರೂ ಇಲ್ಲ.

ಬಾಂಬಿನಿಂದ ಭಾಷಣಕ್ಕೆ

ಇಲ್ಲಿಯವರೆಗೆ 'ಬಂದೂಕು, ಬಾಂಬು ಹಿಡಿದವರ ಮೇಲೆ ತಾನೇ' ಅಂತ ಯಾರಾದರೂ ಹೇಳಬಹುದು. ಮುಂದಿನದನ್ನು ನೋಡಿ.

ಕಾಯ್ದೆ ಬಂದ ವರ್ಷವೇ ಪತ್ರಕರ್ತರಾಗಿದ್ದ ಮೌಲಾನಾ ಮೊಹಮ್ಮದ್ ಅಲಿ, ಶೌಕತ್ ಅಲಿ ಸೋದರರ ಓಡಾಟಕ್ಕೆ ತಡೆ ಬಿತ್ತು. ಪತ್ರಿಕೆ ನಡೆಸುತ್ತಿದ್ದ ಮೌಲಾನಾ ಆಜಾದರನ್ನು ಬಂಗಾಳದಿಂದ ಹೊರಹಾಕಿ ರಾಂಚಿಯಲ್ಲಿ ಇಟ್ಟರು. ಅವರು ಹೊರಬರಲು ಹೊಸ ವರ್ಷಗಳೇ ಉರುಳಿ 1919ರ ಕೊನೆ ಆಯಿತು.

1917ರ ಜೂನ್‌ನಲ್ಲಿ ಮದರಾಸು ಸರ್ಕಾರ ಆನಿ ಬೆಸೆಂಟ್ ಅವರ ಮೇಲೆ ಇದೇ ರಕ್ಷಣಾ ನಿಯಮ ಹೇರಿತು. ಆಕೆಗೆ ಆಗ 69 ವರ್ಷ. ಬಾಂಬು ಎಸೆದವರಲ್ಲ. ಹೋಂ ರೂಲ್ ಲೀಗ್ ಕಟ್ಟಿ, 'ನಮ್ಮ ಆಡಳಿತ ನಮಗೆ ಕೊಡಿ' ಅಂತ ಪತ್ರಿಕೆಯಲ್ಲಿ ಬರೆದು, ಸಭೆಗಳಲ್ಲಿ ಮಾತಾಡಿದ್ದೇ ತಪ್ಪು. ಜೊತೆಗೆ ಅರುಂಡೇಲ್ ಮತ್ತು ವಾಡಿಯಾ ಅವರನ್ನೂ ಹಿಡಿದರು. ಊಟಿಯಲ್ಲಿ ಇಟ್ಟರು. ಯುದ್ಧ ನಡೆಯುತ್ತಿದ್ದದ್ದು ಫ್ರಾನ್ಸಿನ ಕಂದಕಗಳಲ್ಲಿ. ಕಾಯ್ದೆ ಬಿದ್ದದ್ದು ನೀಲಗಿರಿ ಬೆಟ್ಟದ ಮೇಲಿನ ಒಬ್ಬ ಮುದುಕಿಯ ಮೇಲೆ.

ಇದು ಸರ್ಕಾರಕ್ಕೇ ತಿರುಗುಬಾಣವಾಯಿತು. ಅಲ್ಲಿಯವರೆಗೆ ದೂರ ನಿಂತಿದ್ದವರೂ ಹೋಂ ರೂಲ್ ಲೀಗಿಗೆ ಸೇರಿದರು. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಸುಬ್ರಹ್ಮಣ್ಯ ಅಯ್ಯರ್ ಅಮೆರಿಕದ ಅಧ್ಯಕ್ಷ ವಿಲ್ಸನ್ ಅವರಿಗೇ ಪತ್ರ ಬರೆದರು. ಅದಕ್ಕೆ ಸರ್ಕಾರ ಸಿಟ್ಟಾದಾಗ ತಮ್ಮ 'ಸರ್' ಪದವಿ ಬಿಟ್ಟುಕೊಟ್ಟರು. ಸೆಪ್ಟೆಂಬರಿನಲ್ಲಿ ಬೆಸೆಂಟ್ ಬಿಡುಗಡೆಯಾದರು. ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರು.

1919: ಯುದ್ಧ ಮುಗಿದ ಮೇಲೆ

1918ರ ನವೆಂಬರ್ 11ರಂದು ಯುದ್ಧದ ಸದ್ದು ನಿಂತಿತು. ಈಗ ಕಾಯ್ದೆಯ ಆಯುಸ್ಸೂ ಮುಗಿಯಬೇಕು. ಆದರೆ ಒಮ್ಮೆ ಮೆಟ್ಟಿಲಿಲ್ಲದ ದಾರಿಯ ರುಚಿ ಕಂಡ ಸರ್ಕಾರಕ್ಕೆ ಅದನ್ನು ಬಿಡಲು ಮನಸ್ಸಾಗಲಿಲ್ಲ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1917ರ ಡಿಸೆಂಬರಿನಲ್ಲಿ, ನ್ಯಾಯಾಧೀಶ ಸಿಡ್ನಿ ರೌಲಟ್ ಅವರ ಸಮಿತಿ ಮಾಡಿ ಮುಂದೇನು ಅಂತ ಕೇಳಿತ್ತು. ಯುದ್ಧಕಾಲದ ಅಧಿಕಾರದ ತಿರುಳು ಶಾಂತಿ ಕಾಲದಲ್ಲೂ ಉಳಿಯಬೇಕು ಅಂತ ಸಮಿತಿ ಹೇಳಿತು.

1919ರ ಮಾರ್ಚ್ 18ರಂದು ರೌಲಟ್ ಕಾಯ್ದೆ ಪಾಸಾಯಿತು. ದಿನಾಂಕ ಗಮನಿಸಿ. ಮೊದಲ ಕಾಯ್ದೆ ಬಂದು ಸರಿಯಾಗಿ ನಾಲ್ಕು ವರ್ಷ. ಶಾಸನ ಸಭೆಯಲ್ಲಿದ್ದ ಚುನಾಯಿತ ಭಾರತೀಯ ಸದಸ್ಯರು ಬೇಡ ಅಂದರೂ ಸರ್ಕಾರಿ ಸದಸ್ಯರ ಕೈಬಲದಿಂದ ಪಾಸು ಮಾಡಿದರು. ಜಿನ್ನಾ, ಮದನ ಮೋಹನ ಮಾಳವೀಯ, ಮಜರುಲ್ ಹಕ್ ರಾಜೀನಾಮೆ ಕೊಟ್ಟು ಹೊರಬಂದರು. ಗಾಂಧೀಜಿ ಏಪ್ರಿಲ್ 6ರಂದು ದೇಶವಿಡೀ ಹರತಾಳಕ್ಕೆ ಕರೆ ಕೊಟ್ಟರು.

ಮುಂದೆ ಅಮೃತಸರದಲ್ಲಿ ನಡೆದದ್ದು ನಿಮಗೆ ಗೊತ್ತು. ಆದರೆ ಶಾಲೆಯ ಪುಸ್ತಕದಲ್ಲಿ ತಪ್ಪಿಹೋಗುವ ಒಂದು ಎಳೆ ಇದೆ. ಅಲ್ಲಿನ ನಾಯಕರಾದ ಡಾಕ್ಟರ್ ಸತ್ಯಪಾಲ್ ಮತ್ತು ಸೈಫುದ್ದೀನ್ ಕಿಚ್ಲು ಅವರಿಗೆ ಸಭೆಯಲ್ಲಿ ಮಾತಾಡಬೇಡಿ ಅಂತ ಆಜ್ಞೆ ಹೊರಡಿಸಿದ್ದು, ಏಪ್ರಿಲ್ 10ರಂದು ಕರೆಸಿ ಮೋಟಾರಿನಲ್ಲಿ ಧರ್ಮಶಾಲಾಕ್ಕೆ ಸಾಗಿಸಿದ್ದು ಹೊಸ ರೌಲಟ್ ಕಾಯ್ದೆಯಿಂದ ಅಲ್ಲ. ಅದೇ ಹಳೆಯ ಯುದ್ಧದ ಕಾಯ್ದೆಯಿಂದ. ಯುರೋಪಿನಲ್ಲಿ ಬಂದೂಕು ಸುಮ್ಮನಾಗಿ ಐದು ತಿಂಗಳಾಗಿತ್ತು. ನಾಯಕರನ್ನು ಬಿಡಿ ಅಂತ ಕೇಳಲು ಹೊರಟ ಜನರ ಮೇಲೆ ಗುಂಡು ಹಾರಿತು, ಊರು ಉರಿಯಿತು. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಡಯರನ ಸೈನಿಕರು 1,650 ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 379.

ರೌಲಟ್ ಕಾಯ್ದೆಯನ್ನು 1922ರಲ್ಲಿ ರದ್ದು ಮಾಡಿದರು. ಆದರೆ ಆಳುವವರು ಪಾಠ ಮರೆಯಲಿಲ್ಲ. ಮುಂದಿನ ಯುದ್ಧಕ್ಕೆ ಅವರ ಕರಡು ತಯಾರಿತ್ತು.

1939: ಕೇಳದೇ ಬಂದ ಯುದ್ಧ

1939ರ ಸೆಪ್ಟೆಂಬರ್ 3ರಂದು ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧ ಸಾರಿತು. ಭಾರತವೂ ಯುದ್ಧದಲ್ಲಿದೆ ಅಂತ ವೈಸ್‌ರಾಯ್ ಲಿನ್‌ಲಿತ್‌ಗೋ ಅದೇ ದಿನ ಘೋಷಿಸಿದರು. ಇಲ್ಲಿಯ ಚುನಾಯಿತ ಪ್ರತಿನಿಧಿಗಳನ್ನು ಒಂದು ಮಾತೂ ಕೇಳಲಿಲ್ಲ. ಅದೇ ದಿನ ಭಾರತ ರಕ್ಷಣಾ ಸುಗ್ರೀವಾಜ್ಞೆ ಹೊರಬಿತ್ತು, ತಿಂಗಳೊಳಗೆ ಅದು ಕಾಯ್ದೆಯಾಯಿತು.

ಕಾಯ್ದೆ ಚಿಕ್ಕದು. ಅದರ ಹೊಟ್ಟೆಯೊಳಗೆ ಹುಟ್ಟಿದ ನಿಯಮಗಳು ದೊಡ್ಡವು. ಜನರ ಬಾಯಲ್ಲಿ ಅದು ಡಿ.ಐ.ಆರ್. ಮುಖ್ಯವಾದ ಕೆಲವನ್ನು ಸರಳವಾಗಿ ಹೇಳುತ್ತೇವೆ.

26ನೇ ನಿಯಮ: ಒಬ್ಬ ವ್ಯಕ್ತಿ ದೇಶದ ರಕ್ಷಣೆಗೋ ಶಾಂತಿಗೋ ಅಡ್ಡಿಯಾಗುತ್ತಾನೆ ಅಂತ ಸರ್ಕಾರಕ್ಕೆ ಮನವರಿಕೆಯಾದರೆ ಸಾಕು, ವಿಚಾರಣೆ ಇಲ್ಲದೆ ಬಂಧನದಲ್ಲಿ ಇಡಬಹುದು.

129ನೇ ನಿಯಮ: ಪೊಲೀಸರಿಗೆ ಅನುಮಾನ ಬಂದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಸರ್ಕಾರದ ಒಪ್ಪಿಗೆ ಪಡೆದು ಎರಡು ತಿಂಗಳವರೆಗೆ ಒಳಗಿಡಬಹುದು.

56ನೇ ನಿಯಮ: ಸಭೆ, ಮೆರವಣಿಗೆ ನಿಲ್ಲಿಸಬಹುದು.

81ನೇ ನಿಯಮ: ಕಾಳು ಕಡಿಯ ಬೆಲೆ, ಸಾಗಣೆ, ಮಾರಾಟ ಎಲ್ಲದರ ಮೇಲೆ ಹತೋಟಿ ಇಡಬಹುದು. ನಾವು ಮೊದಲು ಹೇಳಿದ ಲೆವಿ, ಕಂಟ್ರೋಲು ಇದರ ಕೂಸು.

ಇವಲ್ಲದೆ ಪತ್ರಿಕೆ ಏನು ಅಚ್ಚು ಹಾಕಬೇಕು, ಏನು ಹಾಕಬಾರದು ಅನ್ನುವುದಕ್ಕೂ ನಿಯಮಗಳಿದ್ದವು. ಯುದ್ಧಕ್ಕೆ ಆಳು ಸೇರುವುದನ್ನು, ಹಣ ಕೊಡುವುದನ್ನು ಬೇಡ ಅನ್ನುವ ಮಾತೇ ಅಪರಾಧವಾಯಿತು.

1940ರ ಅಕ್ಟೋಬರಿನಲ್ಲಿ ಗಾಂಧೀಜಿ ವೈಯಕ್ತಿಕ ಸತ್ಯಾಗ್ರಹ ಶುರು ಮಾಡಿದ್ದು ಈ ಮಾತಿನ ಹಕ್ಕಿಗಾಗಿಯೇ. ಮೊದಲಿಗರು ವಿನೋಬಾ ಭಾವೆ. ಒಬ್ಬರೇ ಹೋಗಿ, ಈ ಯುದ್ಧಕ್ಕೆ ಆಳನ್ನೋ ಹಣವನ್ನೋ ಕೊಡಬೇಡಿ ಅಂತ ಹೇಳುವುದು. ಕಲ್ಲಿಲ್ಲ, ಗದ್ದಲವಿಲ್ಲ. ನಾಲ್ಕೇ ದಿನಕ್ಕೆ ಅವರನ್ನು ಬಂಧಿಸಿದರು. ಆ ತಿಂಗಳ ಕೊನೆಗೆ ನೆಹರೂ ಅವರನ್ನು ಹಿಡಿದು, ರೈತರ ಮುಂದೆ ಮಾಡಿದ ಭಾಷಣಗಳಿಗಾಗಿ ಗೋರಖಪುರದಲ್ಲಿ ನಾಲ್ಕು ವರ್ಷ ಶಿಕ್ಷೆ ಕೊಟ್ಟರು. ಮುಂದಿನ ವರ್ಷದ ನಡುವಿನ ಹೊತ್ತಿಗೆ ಹೀಗೆ ಜೈಲು ಸೇರಿದವರು 20,000ಕ್ಕೂ ಹೆಚ್ಚು. ಅವರಲ್ಲಿ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ಕಡೆಯವರೂ ಇದ್ದರು.

1942: ಊರೂರಿಗೂ ಬಂತು

1942ಕ್ಕೆ ಯುದ್ಧ ನಿಜವಾಗಿಯೂ ಬಾಗಿಲಿಗೆ ಬಂದಿತ್ತು. ಜಪಾನ್ ಬರ್ಮಾ ಹಿಡಿದಿತ್ತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದವು. ಆಗಸ್ಟ್ 8ರಂದು ಮುಂಬೈಯಲ್ಲಿ 'ಭಾರತ ಬಿಟ್ಟು ತೊಲಗಿ' ಠರಾವಾಯಿತು. 9ರ ಬೆಳಗಾಗುವ ಮುಂಚೆಯೇ ಬಂಧನ ಶುರು. ಗಾಂಧೀಜಿಯನ್ನು ಪುಣೆಯ ಆಗಾ ಖಾನ್ ಅರಮನೆಗೆ, ನೆಹರೂ, ಪಟೇಲ್, ಆಜಾದ್ ಮೊದಲಾದವರನ್ನು ಅಹಮದನಗರ ಕೋಟೆಗೆ ಒಯ್ದರು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿ ಒಂದೇ ವಾರದಲ್ಲಿ ಆ ಬಂಧನದಲ್ಲೇ ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ ಕೂಡ ಅಲ್ಲೇ ಕಣ್ಣು ಮುಚ್ಚಿದರು.

ನಾಯಕರಿಲ್ಲದ ಚಳವಳಿ ಹಳ್ಳಿಗಳಿಗೆ ಇಳಿಯಿತು. ತಂತಿ ಕತ್ತರಿಸಿದರು, ರೈಲು ಹಳಿ ಕಿತ್ತರು, ಚಾವಡಿಯ ದಫ್ತರ ಸುಟ್ಟರು. ಸರ್ಕಾರ ಒಂದರ ಮೇಲೊಂದು ಸುಗ್ರೀವಾಜ್ಞೆ ಹೊರಡಿಸಿತು. ಜಪಾನ್ ದಾಳಿ ಮಾಡಿದರೆ ಅಂತ ವರ್ಷದ ಮೊದಲಿಗೆ ಮಾಡಿಟ್ಟಿದ್ದ ವಿಶೇಷ ಕೋರ್ಟುಗಳ ಸುಗ್ರೀವಾಜ್ಞೆಯನ್ನು ಈಗ ಚಳವಳಿಗಾರರ ಮೇಲೆ ಬಿಟ್ಟರು. ಮುಂಬೈಯಲ್ಲಿ ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದ ಕಾಲೇಜು ಹುಡುಗಿ ಉಷಾ ಮೆಹ್ತಾ ಅವರಿಗೆ ನಾಲ್ಕು ವರ್ಷ ಶಿಕ್ಷೆಯಾದದ್ದು ವಿಶೇಷ ಕೋರ್ಟಿನಲ್ಲಿ. ಆಗಸ್ಟ್ 15ರಂದು ಇನ್ನೊಂದು ಸುಗ್ರೀವಾಜ್ಞೆ ಬಂದು, ಸೇನೆಯ ಕ್ಯಾಪ್ಟನ್ ದರ್ಜೆಯ ಅಧಿಕಾರಿಗೂ ಪ್ರಾಣ ಹೋಗುವಷ್ಟು ಬಲ ಬಳಸಲು ಆಜ್ಞೆ ಕೊಡುವ ಅಧಿಕಾರ ಕೊಟ್ಟಿತು.

ಹಳ್ಳಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಸಾಮೂಹಿಕ ದಂಡದ ಸುಗ್ರೀವಾಜ್ಞೆ. ನಮ್ಮ ಕಡೆ ಇಂಥದ್ದಕ್ಕೆ ಪುಂಡುಗಂದಾಯ ಅನ್ನುತ್ತಿದ್ದರು. ಊರ ಹತ್ತಿರ ತಂತಿ ಕತ್ತರಿಸಿದವರು ಯಾರು ಅಂತ ಗೊತ್ತಾಗದಿದ್ದರೆ ಇಡೀ ಊರಿಗೆ ದಂಡ. ತಂತಿ ಮುಟ್ಟದವನೂ ಕೊಡಬೇಕು, ಆ ರಾತ್ರಿ ಮನೆಯಲ್ಲಿ ಮಲಗಿದ್ದವನೂ ಕೊಡಬೇಕು. ದೇಶದಾದ್ಯಂತ ಹಾಕಿದ ಇಂಥ ದಂಡದ ಮೊತ್ತ ಸುಮಾರು 90 ಲಕ್ಷ ರೂಪಾಯಿ. ಆ ಕಾಲದ 90 ಲಕ್ಷ. 1942ರ ಕೊನೆಯವರೆಗಿನ ಸರ್ಕಾರದ್ದೇ ಲೆಕ್ಕದಂತೆ ಬಂಧಿತರು 60,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು 18,000 ಜನ ರಕ್ಷಣಾ ನಿಯಮದಡಿ ವಿಚಾರಣೆಯಿಲ್ಲದೆ ಒಳಗಿದ್ದವರು. ಗುಂಡಿಗೆ ಸತ್ತವರು 940.

ನಮ್ಮ ನೆಲದ ಮೂರು ಹೆಸರು

ಹುಬ್ಬಳ್ಳಿಯಲ್ಲಿ ಆಗಸ್ಟ್‌ನ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಬಾಲಕ ನಾರಾಯಣ ಡೋಣಿ ಪ್ರಾಣ ಬಿಟ್ಟ. ಇನ್ನೂ ಶಾಲೆಗೆ ಹೋಗುವ ವಯಸ್ಸು.

ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಯವರೆಗೆ ನಡೆದವರು. 1942ರ ನಂತರ ಭೂಗತರಾಗಿ ಕೆಲಸ ಮಾಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣವನ್ನು ವಶ ಮಾಡಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಹೋದರು.

ಈಸೂರಿನ ಕತೆ ಸ್ವಲ್ಪ ಬೇರೆ. ಶಿಕಾರಿಪುರ ತಾಲೂಕಿನ ಈ ಊರು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಅಲ್ಲಿ ಆಳ್ವಿಕೆ ಮಹಾರಾಜರ ಸರ್ಕಾರದ್ದು, ಬ್ರಿಟಿಷ್ ಪ್ರಾಂತ್ಯದ ಕಾಯ್ದೆ ನೇರವಾಗಿ ನಡೆಯುವಂತಿರಲಿಲ್ಲ. ಆದರೂ ಬಿಸಿ ಅಲ್ಲಿಗೂ ತಟ್ಟಿತು. ಊರವರು ಕಂದಾಯ ಕೊಡೆವು ಅಂದರು, ತಮ್ಮ ಊರು ಸ್ವತಂತ್ರ ಅಂತ ಸಾರಿದರು, ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿ ಕೂರಿಸಿದರು. ಸೆಪ್ಟೆಂಬರ್ 28ರಂದು ಅಧಿಕಾರಿಗಳು ಬಂದಾಗ ಗಲಭೆಯಾಗಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. ಆಮೇಲೆ ಪೊಲೀಸರು ಊರಿಗೆ ನುಗ್ಗಿದರು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಅನ್ನುವ ಐದು ಜನರನ್ನು ಗಲ್ಲಿಗೇರಿಸಿದರು.

ಸತ್ತ ಇಬ್ಬರು ಅಧಿಕಾರಿಗಳಿಗೂ ಮನೆ ಮಠ ಇತ್ತು, ಅದನ್ನು ನಾವು ಮರೆಯುವುದಿಲ್ಲ. ಆದರೆ ಮಾತಾಡುವ ದಾರಿ, ಸಭೆ ಸೇರುವ ದಾರಿ, ಪತ್ರಿಕೆಯಲ್ಲಿ ಬರೆಯುವ ದಾರಿ ಎಲ್ಲವನ್ನೂ ಮುಚ್ಚಿ, ತಿಳಿಹೇಳುವ ನಾಯಕರನ್ನೂ ಒಳಗೆ ಹಾಕಿದ ಮೇಲೆ ಸಿಟ್ಟು ಎಲ್ಲಿ ಹೊರಬರಬೇಕು? ಈ ಪ್ರಶ್ನೆಯನ್ನು ಆಗಿನ ಆಳುವವರು ಕೇಳಿಕೊಳ್ಳಲಿಲ್ಲ.

ಕೋರ್ಟು ಬಾಗಿಲು ತೆರೆದ ದಿನ

ಈ ಕತೆಯಲ್ಲಿ ನಮಗೆ ಹೆಚ್ಚು ಕಾಡಿದ ಭಾಗ ಇದು. 26ನೇ ನಿಯಮದಲ್ಲಿ ಬಂಧನದಲ್ಲಿದ್ದ ಕೇಶವ ತಲಪಾಡೆ ಎನ್ನುವವರ ಪ್ರಕರಣ ಮುಂಬೈಯಿಂದ ದೆಹಲಿಯ ಫೆಡರಲ್ ಕೋರ್ಟಿಗೆ ಹೋಯಿತು. ಆಗ ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವಯರ್, ಇಂಗ್ಲೆಂಡಿನವರು.

ಕೋರ್ಟು ನೋಡಿದ್ದು ಒಂದು ಸಣ್ಣ ವಿಷಯ. ತಾಯಿ ಕಾಯ್ದೆ ಹೇಳಿದ್ದು ಏನು? ಅನುಮಾನಕ್ಕೆ ಸಕಾರಣ ಇದ್ದರೆ ಮಾತ್ರ ಬಂಧಿಸಬಹುದು. ಅದರ ಕೆಳಗೆ ಸರ್ಕಾರ ಬರೆದುಕೊಂಡ 26ನೇ ನಿಯಮ ಏನು ಹೇಳಿತು? ಸರ್ಕಾರಕ್ಕೆ ಮನವರಿಕೆಯಾದರೆ ಸಾಕು. ಎರಡೂ ಒಂದೇ ಅಲ್ಲ. ಕಾರಣ ಇದ್ದರೆ ಅದನ್ನು ಇನ್ನೊಬ್ಬರು ಪರೀಕ್ಷಿಸಬಹುದು. ಮನವರಿಕೆಯನ್ನು ಯಾರು ಪರೀಕ್ಷಿಸುತ್ತಾರೆ? ಕಾಯ್ದೆ ಕೊಟ್ಟದ್ದಕ್ಕಿಂತ ಹೆಚ್ಚು ಅಧಿಕಾರವನ್ನು ನಿಯಮ ತೆಗೆದುಕೊಂಡಿದೆ, ಆದ್ದರಿಂದ ನಿಯಮ ಊರ್ಜಿತವಲ್ಲ ಅಂತ 1943ರ ಏಪ್ರಿಲ್‌ನಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಸಾವಿರಾರು ಜನರ ಬಂಧನದ ಬುಡವೇ ಅಲುಗಾಡಿತು.

ಬಾಗಿಲು ತೆರೆದದ್ದು ಕೆಲವೇ ದಿನ. ಅದೇ ತಿಂಗಳು ವೈಸ್‌ರಾಯ್ ಹೊಸ ಸುಗ್ರೀವಾಜ್ಞೆ ಹೊರಡಿಸಿ ತಾಯಿ ಕಾಯ್ದೆಯ ಮಾತುಗಳನ್ನೇ ಬದಲಿಸಿದರು. ಈ ಬದಲಾವಣೆ ಮೊದಲಿನಿಂದಲೇ ಇತ್ತು ಅಂತ ತಿಳಿಯಬೇಕು ಎಂದೂ ಬರೆದರು. ಅಂಗಡಿಯವನು ತಕ್ಕಡಿಯ ಬಟ್ಟು ಮೋಸದ್ದು ಅಂತ ಸಿಕ್ಕಿಬಿದ್ದಾಗ, 'ಇವತ್ತಿನಿಂದ ಸೇರು ಅಂದರೆ ಇಷ್ಟೇ, ಹೋದ ವರ್ಷದಿಂದಲೂ ಇಷ್ಟೇ ಇತ್ತು' ಅಂದ ಹಾಗೆ.

ಜೂನ್ ತಿಂಗಳಲ್ಲಿ ವಿಶೇಷ ಕೋರ್ಟುಗಳ ಸುಗ್ರೀವಾಜ್ಞೆಯ ಮುಖ್ಯ ಕಲಮುಗಳೂ ಸರಿಯಿಲ್ಲ ಅಂತ ಫೆಡರಲ್ ಕೋರ್ಟು ಹೇಳಿತು. ಆಗಲೂ ಹಾಗೆಯೇ. ಸರ್ಕಾರ ಕೂಡಲೇ ಇನ್ನೊಂದು ಸುಗ್ರೀವಾಜ್ಞೆ ತಂದು, ಆ ಕೋರ್ಟುಗಳನ್ನು ಮುಚ್ಚಿ, ಅವು ಈಗಾಗಲೇ ಕೊಟ್ಟ ಶಿಕ್ಷೆಗಳನ್ನು ಉಳಿಸಿಕೊಂಡಿತು. ಮುಂದೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಫೆಡರಲ್ ಕೋರ್ಟಿನ ಆ ತೀರ್ಪನ್ನೂ ತಳ್ಳಿಹಾಕಿತು.

ಹಾಗಂತ ಆ ನ್ಯಾಯಮೂರ್ತಿಗಳ ಕೆಲಸ ವ್ಯರ್ಥ ಅಂತ ನಮಗೆ ಅನಿಸುವುದಿಲ್ಲ. ಊರ ತುಂಬ ಹೆದರಿಕೆ ಇದ್ದಾಗ, ಸರ್ಕಾರ ಬರೆದದ್ದನ್ನು ಅಕ್ಷರ ಅಕ್ಷರ ಓದಿ 'ಇದು ಸರಿಯಿಲ್ಲ' ಅಂತ ಬರೆದಿಟ್ಟ ಕಾಗದ ಇದೆ. ಆ ಕಾಗದ ಇರುವುದರಿಂದಲೇ ಇವತ್ತು ನಾವು ಈ ಕತೆ ಹೇಳುತ್ತಿದ್ದೇವೆ.

ಆಮೇಲೆ ಏನಾಯಿತು?

ಯುದ್ಧ 1945ರಲ್ಲಿ ಮುಗಿಯಿತು. 1947ರಲ್ಲಿ ಬ್ರಿಟಿಷರು ಹೋದರು. ಕಾಯ್ದೆಗಳ ಸಂತಾನ ಇಲ್ಲೇ ಉಳಿಯಿತು.

ಕಾಳಿನ ಹತೋಟಿಯ ನಿಯಮ 1946ರಲ್ಲಿ 'ತಾತ್ಕಾಲಿಕ' ಕಾಯ್ದೆಯಾಯಿತು. 1955ರಲ್ಲಿ ಅಗತ್ಯ ವಸ್ತುಗಳ ಕಾಯ್ದೆಯಾಗಿ ಖಾಯಂ ಆಯಿತು. ರೇಷನ್ ಅಂಗಡಿಯ ಅಕ್ಕಿ ಕಾಳಸಂತೆಗೆ ಹೋದಾಗ ಇವತ್ತಿಗೂ ಕೇಸು ಹಾಕುವುದು ಅದರಲ್ಲೇ. ಅಂದರೆ ಎಲ್ಲ ಕೂಸುಗಳೂ ಕೆಟ್ಟವಲ್ಲ. ಬಡವನ ಪಾಲಿನ ಅಕ್ಕಿ ಕಾಯುವ ಕಾನೂನು ಬೇಕೇ ಬೇಕು.

1942ರ ಆಗಸ್ಟ್ 15ರ ಸೇನಾ ಸುಗ್ರೀವಾಜ್ಞೆಯ ಅಚ್ಚಿನಲ್ಲೇ 1958ರಲ್ಲಿ ಈಶಾನ್ಯಕ್ಕೆಂದು ಸೇನಾ ವಿಶೇಷಾಧಿಕಾರ ಕಾಯ್ದೆ ಬಂತು. ಕ್ಯಾಪ್ಟನ್ ದರ್ಜೆಗೆ ಇದ್ದ ಅಧಿಕಾರ ಇನ್ನೂ ಕೆಳಗಿನ ದರ್ಜೆಗೂ ಸಿಕ್ಕಿತು.

ವಿಚಾರಣೆಯಿಲ್ಲದ ಬಂಧನ ನಮ್ಮ ಸಂವಿಧಾನದ 22ನೇ ವಿಧಿಯಲ್ಲೇ ಜಾಗ ಪಡೆಯಿತು. ಅದಕ್ಕೆ ಒಂದಿಷ್ಟು ಬೇಲಿ ಹಾಕಿದ್ದಾರೆ. ಬಂಧನದ ಕಾರಣ ತಿಳಿಸಬೇಕು, ಸಲಹಾ ಮಂಡಳಿ ನೋಡಬೇಕು. 1950ರಲ್ಲಿ ಮುಂಜಾಗ್ರತಾ ಬಂಧನ ಕಾಯ್ದೆ, 1962ರ ಚೀನಾ ಯುದ್ಧಕ್ಕೆ ಮತ್ತೆ ಭಾರತ ರಕ್ಷಣಾ ಕಾಯ್ದೆ, 1971ರಲ್ಲಿ ಮೀಸಾ. 1975ರ ತುರ್ತು ಪರಿಸ್ಥಿತಿಯಲ್ಲಿ ಮೀಸಾ ಹೇಗೆ ಕೆಲಸ ಮಾಡಿತು ಅಂತ ಕನ್ನಡದವರಿಗೆ ಹೇಳಬೇಕಿಲ್ಲ. ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧನಕ್ಕೊಳಗಾದರು. ಬೆಂಗಳೂರು ಜೈಲಿನಲ್ಲಿ ಆರೋಗ್ಯ ಕೆಟ್ಟ ನಟಿ ಸ್ನೇಹಲತಾ ರೆಡ್ಡಿ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. 1943ರಲ್ಲಿ ಬ್ರಿಟಿಷ್ ನ್ಯಾಯಮೂರ್ತಿ ಕೇಳಿದ ಪ್ರಶ್ನೆಯನ್ನು 1976ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಕೇಳಿದರು.

ನಾವು ಕಲಿತದ್ದು

ಇಷ್ಟೆಲ್ಲ ಓದಿದ ಮೇಲೆ 'ಯಾವ ತುರ್ತು ಕಾಯ್ದೆಯೂ ಬೇಡ' ಅಂತ ನಾವು ಹೇಳುತ್ತಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬೀಗ ಒಡೆದೇ ಒಳಗೆ ಹೋಗಬೇಕಾಗುತ್ತದೆ. ಆದರೆ ಬೆಂಕಿ ಆರಿದ ಮೇಲೂ ಬೀಗ ಒಡೆಯುವ ಹಾರೆ ಯಾರ ಕೈಯಲ್ಲಿದೆ ಅಂತ ಮನೆಯವರು ನೋಡಿಕೊಳ್ಳಬೇಕು.

ಮುಂದೆ ಯಾವ ಸರ್ಕಾರ ತಂದರೂ, ಯಾವ ಪಕ್ಷ ತಂದರೂ, 'ವಿಶೇಷ', 'ತಾತ್ಕಾಲಿಕ', 'ಭದ್ರತೆ' ಅನ್ನುವ ಹೆಸರಿನ ಕಾಯ್ದೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಅನುಮಾನ ಸರಿಯೋ ತಪ್ಪೋ ಅಂತ ನಿರ್ಧರಿಸುವವರು ಯಾರು? ಇದರ ಗಡುವು ಯಾವಾಗ? ತಪ್ಪಾಗಿ ಸಿಕ್ಕಿಬಿದ್ದವನು ಯಾರ ಬಾಗಿಲು ತಟ್ಟಬೇಕು? 1915ರಲ್ಲೂ 1939ರಲ್ಲೂ ಈ ಮೂರಕ್ಕೆ ಸರಿಯಾದ ಉತ್ತರ ಇರಲಿಲ್ಲ. ಅದಕ್ಕೆ ಬೆಲೆ ತೆತ್ತವರು ಈಸೂರಿನವರು, ಹೊಸರಿತ್ತಿಯವರು, ಹೆಸರೇ ದಾಖಲಾಗದ ಸಾವಿರಾರು ಹಳ್ಳಿಯವರು.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ ಲೆವಿಯ ಚೀಟಿ, ಜೈಲಿನಿಂದ ಬರೆದ ಕಾಗದ, ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಪತ್ರ, ಊರಿಗೆ ಬಿದ್ದ ಪುಂಡುಗಂದಾಯದ ರಸೀದಿ ಇದ್ದರೆ ಎಸೆಯಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಅಜ್ಜ ಅಜ್ಜಿ ಇದ್ದರೆ ಇವತ್ತೇ ಕೂತು ಕೇಳಿ, ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ನಮಗೂ ಕಳಿಸಿ. ಸರ್ಕಾರದ ಲೆಕ್ಕದಲ್ಲಿ ಅವರು ಒಂದು ಅಂಕಿ. ಊರಿನ ಲೆಕ್ಕದಲ್ಲಾದರೂ ಅವರಿಗೆ ಒಂದು ಹೆಸರು ಇರಲಿ.